ಗುಂಡಿರಾಜನಿಗೊಂದು ಪ್ರೇಮಗೀತೆ

ಹದಿನಾಲ್ಕು ವರ್ಷದಿಂದ ಸಿಟಿ ಬಸ್ ಓಡಿಸುತ್ತಿದ್ದ ಅಕ್ಕ, ಡಿಪೋ ಎದುರಿನ ದೊಡ್ಡ ಗುಂಡಿಯ ಮೇಲೆ ಒಂದು ಪ್ರೇಮಗೀತೆ ಕಟ್ಟಿದಳು. ‘ಹೋಗಬೇಡ ರಾಜ, ನೀ ಹೋದ್ರೆ ನನ್ನ ಸೊಂಟ ಮುರಿಯೋರ್ಯಾರು’ ಎಂಬ ಪಲ್ಲವಿ ಕೇಳಿ ತಂಗಿ ಬಿದ್ದು ಬಿದ್ದು ನಕ್ಕಳು. ಮದುವೆ ವಿಡಿಯೋ ತೆಗೆಯುವ ಅವಳೇ ಕ್ಯಾಮೆರಾ ಹಿಡಿದಳು.

ಭಾನುವಾರ ಬೆಳಿಗ್ಗೆ ಅಕ್ಕ ಮಿರಮಿರ ಮಿಂಚುವ ಕೆಂಪು ಉಡುಪು ತೊಟ್ಟು, ಗುಂಡಿಯ ಕೆಸರುನೀರಿಗೆ ಗುಲಾಬಿ ಎಸಳು ಚೆಲ್ಲಿ ಹಾಡುತ್ತ ಕುಣಿಯತೊಡಗಿದಳು. ಅಷ್ಟರಲ್ಲಿ ರಸ್ತೆ ಇಲಾಖೆಯ ಎಂಜಿನಿಯರ್ ಬಂದು ಸ್ಕೂಟರ್ ನಿಲ್ಲಿಸಿದರು. ಅಕ್ಕ ಕುಣಿತ ನಿಲ್ಲಿಸಿದಳು.

“ಏನಮ್ಮಾ, ನಮ್ಮನ್ನ ಗೇಲಿ ಮಾಡ್ತಿದ್ದೀರಾ?”

“ಹೌದು ಸಾರ್,” ಎಂದುಬಿಟ್ಟಳು ಅಕ್ಕ. ಗಾಬರಿಯಲ್ಲಿ ಸುಳ್ಳು ಹೊಳೆಯಲಿಲ್ಲ.

“ಇದನ್ನ ಮುಚ್ಚೋಣ ಅಂತ ನಾಲ್ಕು ಸಲ ಬರೆದು ಕಳಿಸಿದೀನಿ. ಮೇಲಿನವರು ಒಂದು ಸಹಿ ಹಾಕಲ್ಲ,” ಎಂದವರೇ ಅವರು ಪ್ಯಾಂಟು ಮಡಚಿದರು. “ರಾಜನ ಪಾತ್ರಕ್ಕೆ ಯಾರಾದ್ರೂ ಇದಾರಾ?”

ರಸ್ತೆ ಬದಿಯ ಟ್ರಾಫಿಕ್ ಕೋನನ್ನೇ ಕಿರೀಟ ಮಾಡಿಕೊಂಡು, ಗುಂಡಿಯೊಳಗೆ ಇಳಿದು ಅವರು ಕುಣಿದದ್ದೇ ಕುಣಿದದ್ದು! ಬಸ್ಸಿಗೆ ಕಾಯುತ್ತಿದ್ದವರೆಲ್ಲ ಶಿಳ್ಳೆ ಹೊಡೆದರು.

ವಿಡಿಯೋ ಬಿಟ್ಟ ಮೂರನೇ ದಿನಕ್ಕೆ ಊರೆಲ್ಲರ ಬಾಯಲ್ಲೂ ಅದೇ ಹಾಡು. ಐದನೇ ದಿನ ಸಹಿ ಬಿತ್ತು, ಡಾಂಬರು ಬಂತು. ಅಕ್ಕನ ಬಸ್ಸು ಅಲ್ಲಿ ಮೊದಲ ಸಲ ಕುಲುಕದೆ ಸಾಗಿದಾಗ ಒಳಗಿದ್ದವರು ಚಪ್ಪಾಳೆ ತಟ್ಟಿದರು. ಮುಂದಿನ ನಿಲ್ದಾಣದಲ್ಲಿ ಅಜ್ಜಿಯೊಬ್ಬರು ಅಕ್ಕನ ಕಿಟಕಿ ಬಡಿದರು.

“ಮಗಳೇ, ನಮ್ಮ ಬೀದಿ ದೀಪ ಕೆಟ್ಟು ಎರಡು ವರ್ಷ ಆಯ್ತು. ಅದರ ಮೇಲೂ ಒಂದು ಹಾಡು ಕಟ್ಟು. ನಾನೇ ಕುಣೀತೀನಿ!”