ಐದನೇ ವರ್ಷಕ್ಕೆ ಕಾಲ್ ಇದೆ

ನನಗೆ ಮೂಗಿನ ತುದೀಲೇ ಕೋಪ ಅಂತ ಬೀದಿಗೆಲ್ಲ ಗೊತ್ತು. ಆದ್ರೆ ಆವತ್ತು ಬ್ಯಾಂಕಿನಲ್ಲಿ ಬೈಯೋಕೂ ಬಾಯಿ ಬರಲಿಲ್ಲ.

ನಮ್ಮನೆಯವರು ಟೈಲರ್. ಬಾಡಿಗೆ ಅಂಗಡಿ. ಮುಂದೆ ಅವರು ಬಟ್ಟೆ ಕತ್ತರಿಸ್ತಾರೆ, ಹಿಂದೆ ಕೂತು ನಾನು ಗುಂಡಿ ಹಾಕ್ತೀನಿ. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದನ್ನೆಲ್ಲ ಐದು ವರ್ಷದ ಹಿಂದೆ ಬ್ಯಾಂಕಿನವರ ಮಾತು ಕೇಳಿ ಒಂದು ಬಾಂಡಿಗೆ ಹಾಕಿದ್ವಿ. ಡಿಪಾಸಿಟ್ಟಿಗಿಂತ ಬಡ್ಡಿ ಜಾಸ್ತಿ. ಒಂದು ಸಲವೂ ತಪ್ಪಲಿಲ್ಲ, ಸುಳ್ಳು ಯಾಕೆ ಹೇಳಲಿ. ದುಡ್ಡು ಹಾಕುವಾಗ, ಅಸಲು ಯಾವಾಗ ವಾಪಸ್ ಅಂತ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗಿ, "ಐದನೇ ವರ್ಷಕ್ಕೆ ಕಾಲ್ ಇದೆ ಸರ್" ಅಂತ ನಕ್ಕಿದ್ಲು.

ಕಾಲ್ ಅಂದ್ರೆ ನಮಗೆ ಫೋನು. ಇನ್ನೇನು ಅರ್ಥ ಮಾಡ್ಕೋಬೇಕಿತ್ತು ಹೇಳಿ.

ಈ ವರ್ಷ ಮಾಲೀಕರು ಅಂಗಡಿ ಮಾರೋಕೆ ಹೊರಟ್ರು. "ನೀವು ಹಳಬರು, ಮೊದಲು ನಿಮಗೇ. ತಿಂಗಳ ಕೊನೆವರೆಗೆ ಕಾಯ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ" ಅಂದ್ರು. ಬಾಂಡಿಗೆ ಐದು ವರ್ಷ ತುಂಬೋದೂ ಅದೇ ತಿಂಗಳು. ದೇವರು ಕಣ್ಣು ಬಿಟ್ಟ ಅಂದ್ಕೊಂಡೆ.

ಅಲ್ಲಿಂದ ನಮ್ಮನೆಯವರು ಫೋನನ್ನ ಕೈಗೂಸಿನ ಥರ ನೋಡ್ಕೊಂಡ್ರು. ಬಚ್ಚಲಿಗೂ ತಗೊಂಡು ಹೋಗೋರು. ನನ್ನ ತಂಗಿ ಮಾತಾಡ್ತಿದ್ರೆ, "ಲೈನ್ ಬಿಡಮ್ಮ, ಬ್ಯಾಂಕಿಂದ ಬರುತ್ತೆ" ಅನ್ನೋರು.

"ನೀವೇ ಹೋಗಿ ಕೇಳ್ರೀ, ಅವರೇನು ಬೀಗರಾ?" ಅಂದೆ.

"ಅವರೇ ಮಾಡ್ತೀವಿ ಅಂದಿದ್ದಾರೆ. ಹೋಗಿ ಪೀಡಿಸಿದ್ರೆ ಚೆನ್ನಾಗಿರಲ್ಲ" ಅಂದ್ರು. ಅಷ್ಟು ಮರ್ಯಾದಸ್ಥ ಮನುಷ್ಯ.

ತಿಂಗಳ ಕೊನೇ ದಿನ ನಾನೇ ಅವರನ್ನ ಎಳ್ಕೊಂಡು ಬ್ಯಾಂಕಿಗೆ ಹೋದೆ. ಆ ಹುಡುಗಿಗೆ ವರ್ಗ ಆಗಿತ್ತು. ಕಾಲ್ ಇನ್ನೂ ಬಂದಿಲ್ಲ ಅಂದಿದ್ದಕ್ಕೆ ಹೊಸ ಮ್ಯಾನೇಜರು ಕಂಪ್ಯೂಟರ್ ನೋಡಿ, ನಮ್ಮನ್ನ ನೋಡಿ, ಕನ್ನಡಕ ತೆಗೆದ್ರು.

"ಕಾಲ್ ಅಂದ್ರೆ ಫೋನಲ್ಲಮ್ಮ. ಬಾಂಡ್ ಕೊಟ್ಟ ಕಂಪನಿ ಬೇಕಿದ್ರೆ ದುಡ್ಡು ಕೊಟ್ಟು ಅದನ್ನ ಹಿಂದಕ್ಕೆ ತಗೋಬಹುದು. ಅದಕ್ಕೆ ಕಾಲ್ ಅಂತಾರೆ. ಈ ಸಲ ಅವರು ಬೇಡ ಅಂದಿದ್ದಾರೆ."

"ಹಾಗಾದ್ರೆ ಅವಧಿ ಮುಗಿಯೋದು ಯಾವಾಗ?" ಅಂದೆ.

"ಇದಕ್ಕೆ ಅವಧಿನೇ ಇಲ್ಲ. ಬಡ್ಡಿ ಬರ್ತಾ ಇರುತ್ತೆ."

ನಮ್ಮನೆಯವರು ಮೆಲ್ಲಗೆ ಕೇಳಿದ್ರು. "ನಾನು ಸತ್ರೆ?"

"ಬಡ್ಡಿ ಇವರಿಗೆ ಬರುತ್ತೆ."

"ಇವಳೂ ಸತ್ರೆ?"

"ಮಕ್ಕಳಿಗೆ."

ನಾವು ಸತ್ತರೂ ಸಾಯದ ಬಾಂಡಂತೆ. ಬೇಕಿದ್ರೆ ಮಾರ್ಕೆಟ್ಟಲ್ಲಿ ಮಾರಬಹುದು, ಆದ್ರೆ ಕೊಳ್ಳೋರು ಸಿಗಬೇಕು, ಸಿಕ್ಕರೂ ಕಾಲುಭಾಗ ಕಡಿಮೆ ಕೊಡ್ತಾರೆ ಅಂದ್ರು ಮ್ಯಾನೇಜರು. ಕಾಲ್ ಅಂತ ಕಾದವರಿಗೆ ಕಾಲುಭಾಗ ಹೋಯ್ತು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಅಂಗಡಿಗೆ ಬಂದು ನಮ್ಮನೆಯವರು ಮಾಲೀಕರಿಗೆ, "ನಮ್ಮ ಕೈಲಾಗಲಿಲ್ಲ" ಅಂದ್ರು, ಅಷ್ಟೇ. ಮಾಲೀಕರು ಪಾಪ, ಬೇಜಾರು ಮಾಡ್ಕೊಂಡ್ರು. ಆದ್ರೂ ಸಂಜೆಯೊಳಗೆ ಒಬ್ಬರನ್ನ ಕರ್ಕೊಂಡೇ ಬಂದ್ರು. ಔಷಧಿ ಅಂಗಡಿ ಇಡೋರಂತೆ. ಕಪಾಟಿಗೆ ಅಳತೆ ಬೇಕು, ಟೇಪ್ ಇದೆಯಾ ಅಂತ ಅವರು ಕೇಳಿದ್ದು ನಮ್ಮನೆಯವರನ್ನೇ.

ಇವರು ಕೊರಳಲ್ಲಿದ್ದ ಟೇಪ್ ತೆಗೆದು ಒಂದು ತುದಿ ಅವರ ಕೈಗೆ ಕೊಟ್ಟು, ಇನ್ನೊಂದನ್ನ ತಾವೇ ಗೋಡೆಗೆ ಒತ್ತಿ ಹಿಡಿದ್ರು.

"ಈ ಮೂಲೆ ಸ್ವಲ್ಪ ಸೊಟ್ಟ ಇದೆ. ಸರಿಯಾಗಿ ಕೇಳಿ ಬರ್ಕೊಳ್ಳಿ ಸರ್, ಆಮೇಲೆ ಮೋಸ ಹೋಗ್ತೀರಿ" ಅಂದ್ರು.