ಬೇಲಿಯಾಚೆಯ ಚಪ್ಪಾಳೆ

ಗಂಡನ ಹೆಸರು ಹೇಳಬಾರದೆಂದು ನನ್ನನ್ನು ಬೆಳೆಸಿದರು. ಈ ದೇಶಕ್ಕೆ ಬಂದ ಮೇಲೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಗಾಜಿನ ಹಿಂದೆ ಕೂತವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ. ಗದಿಗೆಪ್ಪ. ಹೇಳಿ ಹೇಳಿ ನಾಲಿಗೆ ಸವೆದಿದೆ. ಆದರೂ ಮನೆಯ ಮಾತು ಬಂದಾಗ ನನ್ನ ಬಾಯಿಗೆ ಬರುವುದು ಇವರು ಎಂದೇ.

ಇವರು ಬೈಲಹೊಂಗಲದ ಕಡೆಯ ಗರಡಿಯಲ್ಲಿ ಬೆಳೆದವರು. ಕುಸ್ತಿ ಹಿಡಿದು ಹಿಡಿದು ಎಡಗಿವಿ ಮುದ್ದೆಯಾಗಿದೆ, ಇವರು ಪಡೆದ ಡಿಗ್ರಿ ಅದೊಂದೇ. ಟೊರಾಂಟೊದಲ್ಲಿ ಗೋದಾಮಿನ ಫೋರ್ಕ್‌ಲಿಫ್ಟು ಓಡಿಸುತ್ತ ಅರ್ಧ ಆಯುಷ್ಯ ಕಳೆದರೂ, ಯಾರಾದರೂ ಆ ಕಿವಿಯ ಕಡೆ ನೋಡಿದರೆ ಇವರ ಎದೆ ಈಗಲೂ ಎರಡಿಂಚು ಮುಂದೆ ಬರುತ್ತದೆ. ನಾನು ಏರ್‌ಪೋರ್ಟಿನ ಹತ್ತಿರ ವಿಮಾನದವರಿಗೆ ಊಟ ಕಟ್ಟುವ ಅಡಿಗೆಮನೆಯಲ್ಲಿ ಹಣ್ಣು ಹೆಚ್ಚುತ್ತೇನೆ. ನಮ್ಮ ಮನೆಯಿರುವ ಥಾರ್ನ್‌ಕ್ಲಿಫ್ ಪಾರ್ಕಿನಿಂದ ಎರಡು ಬಸ್ಸು ಬದಲಿಸಿ ಹೋಗಿ ಬರುವಷ್ಟರಲ್ಲಿ ಜೀವ ಹಣ್ಣಾಗಿರುತ್ತದೆ. ನಮಗಿರುವವನು ಒಬ್ಬನೇ ಮಗ, ಸಂತೋಷಕುಮಾರ.

ಅವನು ಹುಟ್ಟಿದ್ದೂ ಬೆಳೆದಿದ್ದೂ ಇಲ್ಲೇ. ಹೈಸ್ಕೂಲಿಗೆ ಬರುವಷ್ಟರಲ್ಲಿ ಬಾಗಿಲ ತುಂಬ ಬೆಳೆದ. ಶಾಲೆಯವರು ನೋಡಿದವರೇ ಫುಟ್‌ಬಾಲಿಗೆ ಎಳೆದುಕೊಂಡರು. ಇಲ್ಲಿಯ ಫುಟ್‌ಬಾಲನ್ನು ಕಾಲಲ್ಲಿ ಆಡುವುದಿಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬರಿಗೊಬ್ಬರು ಹೋರಿಗಳ ಹಾಗೆ ಹಾಯುತ್ತಾರೆ. ನಾನು ಒಮ್ಮೆ ಟೀವಿಯಲ್ಲಿ ನೋಡಿ ಎದ್ದು ಹೋದೆ. ಇವರು ಮಾತ್ರ ಕಣ್ಣು ಅರಳಿಸಿ ಕೂತರು.

"ನಾಗವ್ವಾ, ಇದು ಕುಸ್ತೀನ ಐತಿ. ಚೆಂಡು ಬರೇ ನೆವಕ್ಕ ಇಟಗೊಂಡಾರ" ಎಂದರು.

ಎರಡು ಸಾವಿರದ ಐದನೇ ಇಸವಿ ಆಗಸ್ಟಿನಲ್ಲಿ ಸಂತೋಷ ಯೂನಿವರ್ಸಿಟಿ ಟೀಮಿಗೆ ಸೇರಿದ. ಕ್ಲಾಸುಗಳು ಸೆಪ್ಟೆಂಬರಿಗೆ ಶುರು. ಅದಕ್ಕೆ ಮೊದಲು ದಿನವಿಡೀ ತಾಲೀಮು, ಕ್ಯಾಂಪ್ ಅನ್ನುತ್ತಾರೆ. ಮನೆಯಿಂದಲೇ ಹೋಗಿ ಬರುತ್ತಿದ್ದ. ಮೊದಲ ದಿನ ಇವರೂ ರಜೆ ಹಾಕಿ ಅವನ ಜೊತೆ ಹೊರಟರು. ಕೈಚೀಲದಲ್ಲಿ ಜೆರಾರ್ಡ್ ಸ್ಟ್ರೀಟಿನ ಇಂಡಿಯನ್ ಅಂಗಡಿಯಿಂದ ತಂದ ತೆಂಗಿನಕಾಯಿ, ಎಲೆ ಅಡಿಕೆ, ನನ್ನ ಅಣ್ಣನ ಮದುವೆಯಲ್ಲಿ ಇವರ ತಲೆಗೆ ಸುತ್ತಿದ್ದ ಗುಲಾಬಿ ಪಟಗಾ. ಗರಡಿಗೆ ಹುಡುಗನನ್ನು ಬಿಡುವಾಗ ವಸ್ತಾದನಿಗೆ ಉಡುಗೊರೆ ಕೊಟ್ಟು ಆಹೇರು ಮಾಡುವುದು ನಮ್ಮಲ್ಲಿ ಪದ್ಧತಿ. ವಸ್ತಾದ ಅಂದರೆ ಕುಸ್ತಿ ಕಲಿಸುವ ಗುರು.

ಸಂತೋಷ ದಾರಿಯುದ್ದಕ್ಕೂ "ಅಪ್ಪಾ, ಪ್ಲೀಸ್, ಡೋಂಟ್" ಎಂದು ಬೇಡಿಕೊಂಡನಂತೆ. ಇವರು ಕೇಳುವ ಪೈಕಿಯೇ? ಅಷ್ಟು ಹುಡುಗರ ಎದುರಿಗೆ ಆ ಎತ್ತರದ ಕೆಂಪು ಮೋರೆಯ ಕೋಚ್‌ಗೆ ಪಟಗಾ ಸುತ್ತಿ, ಕೈಯಲ್ಲಿ ಕಾಯಿ ಇಟ್ಟು, ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಹುಡುಗರು ಸಿಳ್ಳೆ ಹಾಕಿದರು. ಕೋಚ್ ಗೊಳ್ಳೆಂದು ನಕ್ಕು ಬೆನ್ನು ತಟ್ಟಿದ. ಆಗ ಇವರು ತಮ್ಮ ಇಂಗ್ಲಿಷಿನಲ್ಲಿ ಹೇಳಿದರಂತೆ: "ಮೈ ಸನ್, ಯುವರ್ ಸನ್. ಯೂ ಬೀಟ್, ಯೂ ಕಿಲ್, ಐ ನೋ ಆಸ್ಕ್."

ನಮ್ಮ ಕಡೆ ಈ ಮಾತು ಕೇಳಿದ ವಸ್ತಾದನಿಗೆ ಅಂದಿನಿಂದ ನಿದ್ದೆ ಕಡಿಮೆಯಾಗುತ್ತದೆ. ಹುಡುಗ ಉಂಡನೋ ಇಲ್ಲವೋ, ಜ್ವರ ಬಂದಿದೆಯೋ, ಎಲ್ಲ ಅವನ ತಲೆಯ ಮೇಲಿನ ಹೊರೆ. ಕೊಟ್ಟವನು ಕೇಳುವುದಿಲ್ಲ, ಯಾಕೆಂದರೆ ತೆಗೆದುಕೊಂಡವನು ನೋಡಿಕೊಳ್ಳುತ್ತಾನೆ. ಆ ಕೋಚ್‌ಗೆ ಇದನ್ನು ಯಾರು ಹೇಳಬೇಕು? ಕೇಳುವವರಿಲ್ಲದ ಹುಡುಗ ಒಬ್ಬ ಸಿಕ್ಕ ಎಂದಷ್ಟೇ ಅವನಿಗೆ ಅರ್ಥವಾಯಿತು.

ಕ್ಯಾಂಪು ಶುರುವಾದ ವಾರದಲ್ಲೇ ಒಂದು ಬೆಳಿಗ್ಗೆ ಯಾರೋ ಒಬ್ಬ ಹುಡುಗ ತಡವಾಗಿ ಬಂದ. ಅದಕ್ಕೆ ಮಧ್ಯಾಹ್ನ ಇಡೀ ಟೀಮಿಗೆ ಶಿಕ್ಷೆ. ನೆತ್ತಿ ಸುಡುವ ಬಿಸಿಲು, ಮೈಗೆ ಅಂಟುವ ಸೆಕೆ. ಇವರು ಬೆಳಗಿನ ಶಿಫ್ಟು ಮುಗಿಸಿ ಹೋಗಿ ತಂತಿ ಬೇಲಿಗೆ ಮೂಗು ಹಚ್ಚಿ ನಿಂತು ನೋಡಿದ್ದಾರೆ. ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದರೆ ಒಲೆಯ ಪಕ್ಕ ನಿಂತು ಬಣ್ಣಿಸಿದ್ದೇ ಬಣ್ಣಿಸಿದ್ದು. ಕೂತು ಏಳಬೇಕಂತೆ, ನೆಲಕ್ಕೆ ಬಿದ್ದು ಜಿಗಿಯಬೇಕಂತೆ, ನಾಲ್ಕು ಕಾಲಲ್ಲಿ ಮೈದಾನದ ಆಚೆ ತುದಿಯವರೆಗೆ ಹರಿದು ಮತ್ತೆ ಮೊದಲಿಂದ. ನೀರಿನ ಬಾಟಲಿ ಸಾಲಾಗಿ ಬೆಂಚಿನ ಮೇಲೆ, ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ.

"ಒಬ್ಬೊಬ್ಬನ ಕಾರಿಕೊಂಡು ಕುಂತ ನೋಡು. ನನ್ನ ಮಗ ಕುಂದರಲಿಲ್ಲ! ಕಡೀಗೆ ಅಂವ ಒಬ್ಬನ ಉಳದ. ನಾ ಹಿಂಗ ಚಪ್ಪಾಳಿ ಬಡದೆ" ಎಂದು ಹಿಟ್ಟಿನ ಡಬ್ಬಿ ಬೀಳುವ ಹಾಗೆ ಬಡಿದು ತೋರಿಸಿದರು.

"ಮಗ ಎಲ್ಲಿ?"

"ಮಲಗ್ಯಾನ. ಮಲಗಲಿ ಬಿಡು, ಗಳಿಸಿದ ನಿದ್ದಿ."

ಮರುದಿನ ನಾನು ಕೆಲಸಕ್ಕೆ ಹೊರಡುವಾಗ ಅವನಿನ್ನೂ ಹಾಸಿಗೆಯಲ್ಲಿದ್ದ. ಅಂದು ಇವರಿಗೆ ರಜೆ. ನಾನು ಹೋದ ಮೇಲೆ ಅವನ ತೊಡೆ ಬಾತು ದಿಂಬಿನಂತಾಗಿದ್ದನ್ನು ಇವರು ನೋಡಿದರು. ಗರಡಿಯಲ್ಲಿ ಅದಕ್ಕೊಂದು ಮದ್ದಿದೆ. ಎಳ್ಳೆಣ್ಣೆ ಬಿಸಿ ಮಾಡಿ ಮೊಣಕೈ ಹಚ್ಚಿ ತಿಕ್ಕುವುದು, ಆಮೇಲೆ ಮೈ ಬಿಡಲಿ ಎಂದು ಕೂತು ಏಳುವ ಬೈಠಕ ಹಾಕಿಸುವುದು. ಇವರು ಎರಡನ್ನೂ ಮಾಡಿದರು. ಹುಡುಗ ಬಾಗಿಲ ಚೌಕಟ್ಟು ಹಿಡಿದುಕೊಂಡು, ತುಟಿ ಕಚ್ಚಿಕೊಂಡು ಬೈಠಕ ಹಾಕಿದ. ಅಪ್ಪ ಸಾಕೆನ್ನಲಿಲ್ಲ, ಮಗ ಅಯ್ಯೋ ಎನ್ನಲಿಲ್ಲ. ಇಬ್ಬರಿಗೂ ಬುದ್ಧಿ ಕೊಡುವಾಗ ದೇವರು ಎಲ್ಲಿ ನೋಡುತ್ತಿದ್ದನೋ.

ಮಧ್ಯಾಹ್ನ ನಾನು ಮನೆಗೆ ಬಂದಾಗ ಸಂತೋಷ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಮೋರೆ ಬೂದಿ ಬಣ್ಣಕ್ಕೆ ತಿರುಗಿತ್ತು.

"ಅವ್ವಾ, ಇಟ್ಸ್ ಲೈಕ್ ಕೋಕ್" ಎಂದ.

ಒಳಗೆ ಹೋಗಿ ನೋಡಿದೆ. ಮೂತ್ರ ನಿಜವಾಗಿಯೂ ಕೋಕಾಕೋಲದ ಬಣ್ಣಕ್ಕಿತ್ತು.

ಇವರು ಅಡಿಗೆಮನೆಯಲ್ಲಿ ಕಾಮಕಸ್ತೂರಿ ಬೀಜ ನೆನೆಹಾಕುತ್ತಿದ್ದರು. "ಉಷ್ಣ ಆಗೈತಿ. ತಂಪ ಮಾಡಿದ್ರ ನಾಳೆ ಆಟಕ್ಕ ಹೊಕ್ಕಾನ."

"ನಿಮ್ಮ ಉಷ್ಣಕ್ಕ ಬೆಂಕಿ ಹಚ್ಚಲಿ!" ಎಂದೆ. ಮದುವೆಯಾದಾಗಿನಿಂದ ಇವರಿಗೆ ನಾನು ಅಷ್ಟು ದನಿ ಏರಿಸಿರಲಿಲ್ಲ. "ಹುಡುಗ ಸಾಯಾಕತ್ತಾನ, ನೀವು ಬೀಜಾ ನೆನೀ ಹಾಕ್ರಿ!" ಟ್ಯಾಕ್ಸಿಗೆ ಫೋನ್ ಮಾಡಿದೆ. ಲಿಫ್ಟಿನಲ್ಲಿ ಅವನ ತೂಕ ಇಡೀ ನನ್ನ ಹೆಗಲ ಮೇಲಿತ್ತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದಳು. ಅತಿಯಾಗಿ ದಣಿಸಿದ್ದಕ್ಕೆ ಸ್ನಾಯುಗಳು ಒಡೆದು, ಅದರ ಕಸ ರಕ್ತಕ್ಕೆ ಇಳಿದು, ಮೂತ್ರಪಿಂಡ ಕಟ್ಟಿಕೊಂಡಿದೆ. ಈಗ ಯಂತ್ರ ಹಚ್ಚಿ ರಕ್ತ ತೊಳೆಯಬೇಕು, ಮೂತ್ರಪಿಂಡ ತಿರುಗಿ ಕೆಲಸ ಮಾಡುತ್ತದೋ ಇಲ್ಲವೋ ಈಗಲೇ ಹೇಳಲಾಗದು. "ನೋವು ಬಂದ ಮೇಲೆ ಮತ್ತೆ ವ್ಯಾಯಾಮ ಮಾಡಿದನೇ? ಜೋರಾಗಿ ತಿಕ್ಕಿದಿರಾ?" ಎಂದು ಕೇಳಿದಳು. ನಾನು ಇವರ ಕಡೆ ನೋಡಿದೆ. ಇವರು ಎದ್ದು ಹೊರಗೆ ಹೋದರು.

ಅಲ್ಲಿಂದ ಮುಂದಿನ ದಿನಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಣ್ಣು ಹೆಚ್ಚುವುದು, ಬಸ್ಸು, ಆಸ್ಪತ್ರೆ, ಬಸ್ಸು, ಮತ್ತೆ ಹಣ್ಣು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ಇವರು ಬಂದರೆ ಮಗನ ಪಾದದ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದರು. ಒತ್ತುತ್ತಿರಲಿಲ್ಲ, ಹೆದರಿಕೆ. ನಾನು ಬಯ್ಯಬೇಕೆಂದು ಕಾಯುತ್ತಿದ್ದರೋ ಏನೋ. ನನ್ನಲ್ಲಿ ಅದಕ್ಕೂ ತ್ರಾಣವಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮೂತ್ರ ಸರಿಯಾಗಿ ಬರತೊಡಗಿತು. ಯಂತ್ರ ತೆಗೆದರು. ಮೂತ್ರಪಿಂಡ ಎಚ್ಚರಾಗಿದೆ, ಆದರೆ ಮೊದಲಿನಷ್ಟು ಗಟ್ಟಿಯಿಲ್ಲ, ಇನ್ನೊಮ್ಮೆ ಹೀಗೆ ದಣಿದರೆ ಕಷ್ಟ ಎಂದರು. ಅವನ ಟೀಮಿನ ನೀಲಿ ಜರ್ಸಿಯ ಹುಡುಗರು ಅಷ್ಟರಲ್ಲಿ ಮೂರು ಆಟ ಆಡಿ ಮುಗಿಸಿದ್ದರು. ಅದೇ ಕೋಚ್, ಅದೇ ಮೈದಾನ. ಸಂತೋಷನನ್ನು ನೋಡಲು ಬಂದ ಗೆಳೆಯನೊಬ್ಬ, ಹಿಂದಿನ ದಿನವೂ ನೀರಿಲ್ಲದೆ ಓಡಿಸಿದರೆಂದು ನಗುತ್ತಲೇ ಹೇಳಿದ.

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಇನ್ನೊಬ್ಬ ತಾಯಿ ನಾನು ಕೂತ ಕುರ್ಚಿಯಲ್ಲಿ ಬಂದು ಕೂರಬೇಕೇ? ನನ್ನ ಮುರುಕು ಇಂಗ್ಲಿಷಿನಲ್ಲೇ ಯೂನಿವರ್ಸಿಟಿಗೆ ಫೋನ್ ಮಾಡಿದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ ದಾಟಿಸಿ, ಕೊನೆಗೆ ಅಕ್ಟೋಬರಿನಲ್ಲಿ ವಿಚಾರಣೆಗೆ ಕರೆದರು.

ಉದ್ದನೆಯ ಮೇಜಿನ ತಲೆಯಲ್ಲಿ ನರೆಗೂದಲಿನ ಒಬ್ಬ ಮೇಡಂ. ಆಚೆ ಬದಿಗೆ ಕೋಚ್, ಈಚೆ ಬದಿಗೆ ನಾವು ಮೂವರು. ಕೋಚ್ ಇವರನ್ನು ನೋಡಿ ತಲೆ ಬಾಗಿಸಿದ. ಇವರು ಅರ್ಧ ಎದ್ದರು, ಅಭ್ಯಾಸಬಲ. ನಾನು ತೋಳು ಹಿಡಿದು ಕೂರಿಸಿದೆ.

ಕೋಚ್ ಒಳ್ಳೆಯ ಮಾತುಗಾರ. ಮೊದಲು ಹುಡುಗನ ಬಗ್ಗೆ ತುಂಬ ಬೇಸರವಾಯಿತೆಂದ. ಆಮೇಲೆ, "ಇವನ ತಂದೆ ಪೈಲ್ವಾನರು. ಎಷ್ಟು ಬೇಕಾದರೂ ದಣಿಸು, ನಾನು ಕೇಳುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದರು. ಆದರೂ ನಾನು ಅಂದು ಹುಡುಗನ ಹತ್ತಿರ ಹೋಗಿ ಕೇಳಿದೆ, ನಿಲ್ಲಿಸುತ್ತೀಯಾ ಅಂತ. ಇಲ್ಲವೆಂದು ತಲೆ ಅಲ್ಲಾಡಿಸಿದ" ಎಂದ.

ಮೇಡಂ ಸಂತೋಷನ ಕಡೆ ತಿರುಗಿ, "ಇದು ನಿಜವೇ?" ಎಂದರು.

ಸಂತೋಷ ಮೇಜು ನೋಡುತ್ತ, "ಯೆಸ್ ಮ್ಯಾಮ್. ಇಟ್ ವಾಸ್ ಮೈ ಚಾಯ್ಸ್" ಎಂದ.

ಅಷ್ಟಕ್ಕೇ ಮುಗಿಯಿತು. ಹುಡುಗ ಪ್ರಾಯಕ್ಕೆ ಬಂದವನು, ಕೇಳಿದಾಗ ತಾನೇ ನಿಲ್ಲಿಸುವುದು ಬೇಡವೆಂದಿದ್ದಾನೆ, ನೀರಿನ ವಿಷಯ ಕೋಚ್‌ಗೆ ನೆನಪಿಸುತ್ತೇವೆ ಎಂದರು ಮೇಡಂ. ನಾನು ಇಷ್ಟು ದಿನ ಫೋನ್ ಹಿಡಿದು ಬೇಡಿದ್ದಕ್ಕೆ ಸಿಕ್ಕ ಫಲ ಅದು.

ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತೆವು. ನಾನು ಸಂತೋಷನ ಕಡೆ ತಿರುಗಿದೆ. "ಬಾಯಿ ಸತ್ತಿತ್ತೇನೋ ನಿಂದು? ನೀರ ಕೊಡಲಿಲ್ಲ, ಹಿಂಡಿ ಹಾಕಿದ ಅಂತ ಒಂದ ಮಾತು ಹೇಳಾಕ ಆಗಲಿಲ್ಲ?"

"ಲೀವ್ ಇಟ್, ಅವ್ವಾ."

ಇವರೂ ಸೇರಿಕೊಂಡರು. "ಖರೆ ಹೇಳಬೇಕಿತ್ತಪಾ. ಅಂವ ಕೇಳಿದ್ದ ಸುಳ್ಳೋ ಏನ?"

ಸಂತೋಷ ಕಿಟಕಿಯ ಕಡೆ ಮುಖ ತಿರುಗಿಸಿದ. ಆಮೇಲೆ ಕನ್ನಡದಲ್ಲಿ ಹೇಳಿದ. ಅವನು ಕನ್ನಡದಲ್ಲಿ ಮಾತಾಡುವುದು ಕಡಿಮೆ, ಅದಕ್ಕೇ ಒಂದೊಂದು ಶಬ್ದವೂ ತಡೆದು ತಡೆದು ಬಂತು.

"ಕೇಳಿದ್ದ ಖರೆ, ಅಪ್ಪಾ. ಕೇಳಿದಾಗ ನಾ ನಿನ್ನ ಕಡೆ ನೋಡಿದೆ. ನೀ ಸಾಕಂತ ಕೈ ಮಾಡಿದ್ರ ಕುಂದರ್ತಿದ್ದೆ. ನೀ ಚಪ್ಪಾಳಿ ಬಡದಿ." ಉಸಿರು ತೆಗೆದುಕೊಂಡ. "ಅಲ್ಲೆ ಅದನ್ನ ಹೇಳಲ್ಯಾ? ಎಲ್ಲಾರ ಮುಂದ?"

ಮಗ ಸುಮ್ಮನಿದ್ದದ್ದು ಕೋಚ್‌ನನ್ನು ಉಳಿಸಲಿಕ್ಕಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಇಡಬೇಕೋ ತಿಳಿಯದೆ ಕೈಯಲ್ಲೇ ಉಳಿಯಿತು. ಇವರ ಮುಖ ನೋಡಲಾಗಲಿಲ್ಲ. ಇವರು ಕೈ ಎತ್ತಿ ಗಂಟೆಯ ಹಗ್ಗ ಎಳೆದರು. ಬಸ್ಸು ನಿಂತಿತು. ಇಳಿದು, ಬಂದ ದಾರಿಯಲ್ಲೇ ಯೂನಿವರ್ಸಿಟಿಯ ಕಡೆ ವಾಪಸು ನಡೆದರು. ನಾವು ಹಿಂದೆ ಹೋದೆವು, ಸಂತೋಷ ಕಾಲೆಳೆಯುತ್ತ.

ಮೇಡಂ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದರು. ಇವರು ಎದುರು ಹೋಗಿ ನಿಂತರು. "ಮೇಡಂ. ಹೀ ಆಸ್ಕ್ ಬಾಯ್. ಬಾಯ್ ಲುಕ್ ಮೀ. ಐ ಕ್ಲ್ಯಾಪ್." ಅಲ್ಲಿಗೆ ಇಂಗ್ಲಿಷು ಮುಗಿಯಿತು. ಮಗನ ಕಡೆ ತಿರುಗಿ, "ನಾ ಹೇಳಿದ್ದನ್ನ ಹಂಗ ಹೇಳು ಅವರಿಗೆ. ಬಿಡಬ್ಯಾಡ" ಎಂದು ತಾವೇ ಶುರು ಮಾಡಿದರು:

"ಈ ಪೈಲ್ವಾನಗ ತಿಳೀಲಿಲ್ಲ. ಅವನ ಮೈ ಒಳಗ ಏನ ಆಗಾಕತ್ತಿತ್ತು ನನಗ ಗೊತ್ತಾಗಲಿಲ್ಲ. ಮನ್ಯಾಗ ತಿಕ್ಕಿ ಇನ್ನಷ್ಟ ಹಾಳ ಮಾಡಿದೆ. ನನ್ನ ತಪ್ಪ ಮದಲ ಬರಕೋರ್ರಿ. ಆದ್ರ ಕೋಚಗ ತಿಳೀಬೇಕಿತ್ತು, ಅದಕ್ಕ ಅಂವ ಪಗಾರ ತಗೋತಾನ. ಮುಂದ ಅಪ್ಪ, ಬಾಜೂಕ ವಸ್ತಾದ ನಿಂತಾಗ ಯಾವ ಹುಡುಗ ನಿಲ್ಲಸ್ತೀನಿ ಅಂತಾನ? ಹುಡುಗರನ್ನ ಕೇಳಬ್ಯಾಡ್ರಿ. ನೀವ ನಿಲ್ಲಸ್ರಿ."

ಸಂತೋಷ ಇಂಗ್ಲಿಷಿನಲ್ಲಿ ಹೇಳಿದ. ಮೇಡಂ ಕಾರಿನ ಬಾಗಿಲು ಮುಚ್ಚಿ ಕೇಳಿಸಿಕೊಂಡರು.

"ಚಪ್ಪಾಳಿದು ಹೇಳಿದ್ಯಾ?" ಇವರು ಕೇಳಿದರು.

"ಹೇಳಿದೆ."

"ಇನ್ನೊಮ್ಮೆ ಹೇಳು."

ಅವನು ಇನ್ನೊಮ್ಮೆ ಹೇಳಿದ. ಮೇಡಂ ನಮ್ಮನ್ನೂ ಬೇರೆ ಹುಡುಗರನ್ನೂ ಮತ್ತೆ ಕರೆಸುತ್ತೇನೆ, ಇದು ಮುಗಿದಿಲ್ಲ ಎಂದರು. ನಾನು ನಂಬಲೂ ಇಲ್ಲ, ಬಿಡಲೂ ಇಲ್ಲ. ನಂಬುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

ಬಸ್ ಸ್ಟಾಪು ಅಲ್ಲಿಂದ ಕಾಣುತ್ತಿತ್ತು. ಬಸ್ಸೂ ಬರುತ್ತಿತ್ತು. ಬಿರಬಿರನೆ ನಡೆದರೆ ಸಿಗುತ್ತಿತ್ತು. ನಾವಿಬ್ಬರೂ ಹೆಜ್ಜೆ ಹಾಕಿದೆವು, ಸಂತೋಷ ಬರಲಿಲ್ಲ. ತಿರುಗಿ ನೋಡಿದರೆ ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿದ್ದ. ಇವರನ್ನೇ ನೋಡುತ್ತಿದ್ದ.

"ಅಪ್ಪಾ, ನನ್ನ ಕಡಿಂದ ಆಗವಲ್ದು" ಎಂದು ಅಲ್ಲೇ ಕುಸಿದು ಕೂತ.

ಇವರು ಓಡಿ ಹೋದರು. ಎತ್ತಲು ಹೋಗಿ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಅವನ ಪಕ್ಕದಲ್ಲಿ ತಾವೂ ನೆಲದ ಮೇಲೆ ಕೂತು, "ಆಗದಿದ್ರ ಬ್ಯಾಡಪಾ" ಎಂದರು. ಬಸ್ಸು ಹೋಯಿತು. ನಾನು ಚೀಲ ಕೆಳಗಿಟ್ಟು ಇನ್ನೊಂದು ಬದಿಗೆ ಕೂತೆ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಆಗವಲ್ದು ಎಂಬ ಮಾತನ್ನು ನಾವು ಕೇಳಿದ್ದು ಅದೇ ಮೊದಲು.