ತಿದ್ದದ ಅಂಕಿ

"ಹಲೋ, ದೊಡ್ಡಪ್ಪಾ? ಕೇಳಿಸ್ತಿದೆಯಾ?" ಎಂದು ಮಗಳು ಲ್ಯಾಪ್‌ಟಾಪಿನ ಮುಂದೆ ಬಾಗಿ ಮೂರನೇ ಸಲ ಕೂಗಿದಳು. ರಿಂಗ್ ಆಗುತ್ತಿತ್ತು, ಆ ಕಡೆ ಎತ್ತುತ್ತಲೂ ಇದ್ದರು; ಮಾತು ಮಾತ್ರ ಇಲ್ಲ.

ಹಾಲ್‌ನಲ್ಲಿ ಅಪ್ಪನನ್ನು ಮಲಗಿಸಿದ್ದರು. ಹೊರಗೆ ಸ್ಮಶಾನಕ್ಕೆ ಒಯ್ಯುವ ವ್ಯಾನ್ ಬಂದು ನಿಂತಿತ್ತು. ಹಾಸಿಗೆ ಹಿಡಿದಿದ್ದ ದೊಡ್ಡಪ್ಪ ಆಸ್ಪತ್ರೆಯಿಂದ ಹೇಳಿಕಳಿಸಿದ್ದರು: "ನನ್ನ ತಮ್ಮನ್ನ ಎತ್ತೋ ಮೊದಲು ಅವನ ಹತ್ರ ಎರಡು ಮಾತಾಡ್ಬೇಕು." ಆ ವಾರ್ಡಿನೊಳಗೆ ಮೊಬೈಲ್ ಬಿಡುತ್ತಿರಲಿಲ್ಲ; ಅವರ ಮಂಚದ ಪಕ್ಕ ಇದ್ದದ್ದು ಇಂಟರ್ನೆಟ್ಟಿನಲ್ಲಿ ನಡೆಯುವ ಫೋನೇ, ಆದರೆ ಓಬೀರಾಯನ ಕಾಲದ್ದು.

"ಜೀವಮಾನವೆಲ್ಲ ಫೋನಿನ ಕೆಲಸ ಮಾಡಿದೋನು, ಅವನ ಮನೇಲೇ ಫೋನು ಮೂಕ!" ಎಂದು ಅಪ್ಪನ ಅಕ್ಕ, ಅಂದರೆ ಅತ್ತೆ, ಮೂಗು ಮುರಿದರು. "ಅಷ್ಟಕ್ಕೂ ಏನ್ ಮಾಡ್ತಿದ್ದ? ಪಟ್ಟಿ ಬರೀತಿದ್ದ."

ಸುಳ್ಳೇನಲ್ಲ. ಎರಡು ಫೋನುಗಳು ಮಾತಿಗಿಳಿಯುವ ಮೊದಲು, ದನಿಯನ್ನು ಯಾವ ಬಗೆಯಲ್ಲಿ ಕಟ್ಟಿ ಕಳಿಸುವುದೆಂದು ಹೆಸರು ಹೇಳಿ ಒಪ್ಪಿಕೊಳ್ಳುತ್ತವೆ. ಆ ಬಗೆಗೆ ಕೋಡೆಕ್ ಎನ್ನುತ್ತಾರೆ. ಯಾವ ಕೋಡೆಕ್‌ಗೆ ಯಾವ ಹೆಸರು, ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುವುದೆಂದು ಹೆಸರಿನ ಮುಂದೆ ಯಾವ ಅಂಕಿ ಎಂಬ ಪಟ್ಟಿಯನ್ನು ಅಪ್ಪ ಇಪ್ಪತ್ತೆಂಟು ವರ್ಷ ಜೋಪಾನ ಮಾಡಿದ್ದರು. ಫೋನು ತಯಾರಿಸುವವರೆಲ್ಲ ಅದನ್ನು ನೋಡಿಕೊಂಡೇ ತಯಾರಿಸುತ್ತಿದ್ದರು; ಎರಡೂ ಕಡೆಯ ಅಂಕಿ ಒಂದೇ ಆಗಿರದಿದ್ದರೆ ಮಾತು ಕೇಳಿಸದು.

ಆಫೀಸಿನಲ್ಲಿ ಅಪ್ಪನ ಜಾಗಕ್ಕೆ ಮೊನ್ನೆಯಷ್ಟೇ ಬಂದಿದ್ದ ಎಂಜಿನಿಯರ್ ಹುಡುಗಿ ತಲೆ ಕೆರೆದುಕೊಂಡಳು. "ಆ ಫೋನಿಗೆ ಗೊತ್ತಿರೋದು ಒಂದೇ ಹಳೇ ಕೋಡೆಕ್, ಅಕ್ಕಾ. ಅದರ ಹೆಸರೇ ಹಾಕಿದೀನಿ. ಸರ್ ಪಟ್ಟಿ ಇನ್ನೂ ಓದಿಲ್ಲ, ಆದ್ರೆ ಲೆಕ್ಕದ ಪ್ರಕಾರ ಅಂಕಿ ಹದಿನಾರು ಸಾವಿರ, ಅದೂ ಸರಿಯಾಗೇ ಇದೆ."

ಸರಿಯಾಗೇ ಇದೆ ಎಂದದ್ದಕ್ಕೆ ಮಗಳು ತಟ್ಟನೆ ತಲೆಯೆತ್ತಿದಳು.

*

ಅವಳಿಗೆ ಆಗ ಹದಿನಾಲ್ಕು. ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು ಅಪ್ಪ ಮುಖ ಸಪ್ಪೆ ಮಾಡಿ ಕೂತಿದ್ದರು. ಹದಿನಾರು ಸಾವಿರ ಇರಬೇಕಾದಲ್ಲಿ ಎಂಟು ಸಾವಿರ ಎಂದು ಬರೆದದ್ದು ಅವರ ಕೈಯೇ. ಅದು ತಿಳಿಯುವ ಹೊತ್ತಿಗೆ ಲಕ್ಷಾಂತರ ಫೋನುಗಳು ಆ ತಪ್ಪನ್ನೇ ಕಲಿತು ಮನೆಮನೆ ಸೇರಿದ್ದವು.

"ತಿದ್ದಿಬಿಡಪ್ಪ. ಯಾರಿಗೆ ಗೊತ್ತಾಗುತ್ತೆ?"

"ಫೋನಿಗೆ ಗೊತ್ತಾಗುತ್ತಲ್ಲಮ್ಮ. ನಾನು ಜಾಣ ಅನ್ನಿಸ್ಕೊಳ್ಳೋಕೆ ಅಷ್ಟು ಜನರ ಬಾಯಿ ಮುಚ್ಚಿಸ್ಲಾ?"

ಅಂಕಿಯನ್ನು ಹಾಗೇ ಬಿಟ್ಟು ಕೆಳಗೆ ಬರೆದರು: ಇದು ತಪ್ಪು. ತಪ್ಪು ನನ್ನದು. ದಯವಿಟ್ಟು ತಿದ್ದಬೇಡಿ. ಆಫೀಸಿನಲ್ಲಿ ಅದನ್ನು ಓದಿದವರೆಲ್ಲ ವರ್ಷಗಟ್ಟಲೆ ನಕ್ಕರು. ಅಪ್ಪನೂ ಅವರ ಜೊತೆ ನಕ್ಕರು.

*

"ಎಂಟು ಸಾವಿರ ಹಾಕು," ಎಂದಳು ಮಗಳು.

"ಅದು ತಪ್ಪಲ್ವಾ ಅಕ್ಕಾ?"

"ನಮ್ಮಪ್ಪನ ತಪ್ಪು. ಹಾಕು."

ಮತ್ತೆ ರಿಂಗ್ ಆಯಿತು. ಯಾರೋ ಕೆಮ್ಮಿದರು. ಆಮೇಲೆ, ಪಕ್ಕದ ಕೋಣೆಯಲ್ಲೇ ಇದ್ದಾರೇನೋ ಎಂಬಷ್ಟು ನಿಚ್ಚಳವಾಗಿ, "ಲೋ ತಮ್ಮಾ... ನಾನು ಕಣೋ."

ಮಗಳಿಗೆ ಅಳುವಿಗಿಂತ ಮೊದಲು ಹೆಮ್ಮೆ ಬಂತು. ಎತ್ತಲು ಬಂದಿದ್ದ ನಾಲ್ವರು ಹಿಂದೆ ಸರಿದರು. ಅವಳು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ತಲೆಯ ಬಳಿ ಕೂತಳು. ಅತ್ತೆ ಬಗ್ಗಿ, ತಮ್ಮನ ಕಿವಿಯ ಮೇಲಿದ್ದ ಹೂಗಳನ್ನು ಒಂದೊಂದಾಗಿ ಸರಿಸಿದರು.